ನಿಮ್ಮ ಕಾಲೇಜಲ್ಲಿ ಈ ಸಲ ಬಿಎಗೆ ವಾರಕ್ಕೆ ಎಷ್ಟು ಗಂಟೆ ಉಳೀತು?

ಕಾರ್ಯಭಾರ_ಶೂನ್ಯ

ಬೀರು ಒರೆಸೋಕೆ ಹೋಗಿ ಮೂರು ರಟ್ಟಿನ ಫೈಲು ಕೈಗೆ ಸಿಕ್ಕಿದವು. ಒಂದರ ಮೇಲೆ ‘ಸಿಬಿಸಿಎಸ್’, ಇನ್ನೊಂದರ ಮೇಲೆ ‘ಎನ್‌ಇಪಿ’, ಮೂರನೇದರ ಮೇಲೆ ‘ಎಸ್‌ಇಪಿ’ ಅಂತ ನನ್ನದೇ ಅಕ್ಷರ. ಒಂದರ ಹಿಂದೆ ಒಂದು ಬಂದ ಡಿಗ್ರಿ ಸ್ಕೀಮುಗಳು ಇವು: ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ, ರಾಷ್ಟ್ರೀಯ ಶಿಕ್ಷಣ ನೀತಿ, ರಾಜ್ಯ ಶಿಕ್ಷಣ ನೀತಿ. ಒಳಗಿರೋರು ಮಾತ್ರ ಅದೇ ಹೊಯ್ಸಳರು, ಅದೇ ವಿಜಯನಗರದೋರು, ಅದೇ 1857. ಒಂದೇ ನೋಟ್ಸನ್ನ ಮೂರು ಸಲ ಕತ್ತರಿಸಿ ಬೇರೆ ಬೇರೆ ಯೂನಿಟ್ಟಿಗೆ ಅಂಟಿಸಿದ್ದೀನಿ. ಪಾಪ ವಿಷ್ಣುವರ್ಧನ, ಒಂದೊಂದು ಸ್ಕೀಮಲ್ಲೂ ಅವನ ಸೆಮಿಸ್ಟರ್ ಬೇರೆ.

ನಾನು ಒಂದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದ ಅತಿಥಿ. ಇಷ್ಟು ದಿನ ಉಳ್ಕೊಂಡ ಅತಿಥೀನ ಯಾವ ಮನೆಯವರೂ ಸಹಿಸಲ್ಲ, ಸರ್ಕಾರ ಸಹಿಸಿಕೊಂಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೊದಲು ಬಿಎ ಅಂದ್ರೆ ಮೂರು ಐಚ್ಛಿಕ ವಿಷಯ, ಎರಡು ಭಾಷೆ. ಎಚ್‌ಇಪಿ, ಎಚ್‌ಇಕೆ ಅಂತೆಲ್ಲ ನೀವೂ ಕೇಳಿರ್ತೀರಿ, ಅಂದ್ರೆ ಇತಿಹಾಸ-ಅರ್ಥಶಾಸ್ತ್ರದ ಜೊತೆ ಒಂದರಲ್ಲಿ ರಾಜ್ಯಶಾಸ್ತ್ರ, ಇನ್ನೊಂದರಲ್ಲಿ ಕನ್ನಡ. 2021-22ರಲ್ಲಿ ದೇಶದಲ್ಲೇ ಮೊದಲು ಅಂತ ಹೇಳ್ಕೊಂಡು ನಮ್ಮ ರಾಜ್ಯ ಎನ್‌ಇಪಿ ಜಾರಿ ಮಾಡ್ತು. ಮೂರು ಇದ್ದದ್ದು ಎರಡಾಯ್ತು. ಜೊತೆಗೆ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಯೋಗ, ನಾಲ್ಕನೇ ವರ್ಷದ ಆನರ್ಸ್. 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿ ಕೈಗೆ ಸಿಕ್ಕಿದ್ದೇ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷ, ಮತ್ತೆ ಮೂರು ವಿಷಯ ಅಂತು. ಈ ವರ್ಷ, ಅಂದ್ರೆ 2025-26ರಲ್ಲಿ, ಫೈನಲ್ ಇಯರ್‌ನಲ್ಲಿರೋರು ಎನ್‌ಇಪಿಯ ಕೊನೇ ಬ್ಯಾಚು, ಕೆಳಗಿನ ಎರಡು ವರ್ಷದವರು ಹೊಸ ಸ್ಕೀಮು. ಒಂದೇ ಕಾರಿಡಾರಲ್ಲಿ ಎರಡು ನೀತಿ ನಡೀತಿವೆ. ಹತ್ತೂವರೆಗೆ ಒಂದು ಸರ್ಕಾರದ ಪಾಠ ಮಾಡಿ ಹನ್ನೊಂದೂವರೆಗೆ ಇನ್ನೊಂದು ಸರ್ಕಾರದ ಪಾಠ ಮಾಡ್ತೀನಿ.

ಎನ್‌ಇಪಿ ಒಳ್ಳೇದಾ ಎಸ್‌ಇಪಿ ಒಳ್ಳೇದಾ ಅಂತ ಟಿವಿಯೋರ ಥರ ಕೇಳ್ತಿಲ್ಲ. ನನಗೆ ಬೇಕಿರೋದು ಒಂದೇ ಲೆಕ್ಕ. ನಿಮ್ಮ ವಿಷಯಕ್ಕೆ ಮೊದಲು ವಾರಕ್ಕೆ ಎಷ್ಟು ಗಂಟೆ ಇತ್ತು, ಈಗ ಎಷ್ಟು, ಆ ಗಂಟೆ ಜೊತೆ ಯಾರು ಹೋದರು, ಯಾರು ಬಂದರು? ಕಲಾ ವಿಭಾಗ ಉಳಿಸಿ ಅನ್ನೋ ಭಾಷಣ ಸಾಕಷ್ಟು ಕೇಳಿದ್ದೀನಿ. ಟೈಮ್‌ಟೇಬಲ್ ಎದುರಿಗಿಟ್ಕೊಂಡು ಯಾರೂ ಮಾತಾಡಲ್ಲ.

ಧಾರವಾಡ_ಫೇಡಾ

ಮೇಡಂ, ನಮ್ಮ ಕಡೆ ಲೆಕ್ಕ ಇನ್ನೂ ಸರಳ ಐತ್ರಿ. ನಮ್ದು ಅನುದಾನಿತ ಕಾಲೇಜ್. ನಾ ಸೇರಿದಾಗ ಸಮಾಜಶಾಸ್ತ್ರಕ್ಕ ಮೂರು ಮಂದಿ ಕಾಯಂ ಇದ್ವಿ. ಒಬ್ರು ನಿವೃತ್ತಿ ಆದ್ರು, ಜಾಗಾ ತುಂಬಲಿಲ್ಲ. ಇನ್ನೊಬ್ರು ಆದ್ರು, ಆ ಜಾಗಾನೂ ತುಂಬಲಿಲ್ಲ. ಮ್ಯಾನೇಜ್ಮೆಂಟಿನವ್ರು ಕೇಳಿದ್ರ ‘ಆರ್ಥಿಕ ಇಲಾಖೆ ಒಪ್ಪಿಗಿ ಬರಬೇಕು’ ಅಂತಾರ. ಒಪ್ಪಿಗಿ ಬರೂದ್ರೊಳಗ ನಂದೂ ನಿವೃತ್ತಿ ಬರ್ತೈತಿ. ಆಮ್ಯಾಲೆ ವಿಭಾಗದ ಬಾಗಲಾ ಮುಚ್ಚಿ ಬೋರ್ಡ್ ಒಂದ ಉಳಿಸ್ತಾರ.

ಎನ್‌ಇಪಿ ಬಂದ್ ವರ್ಷ ನನ್ನ ಕಾರ್ಯಭಾರ ಕಮ್ಮಿ ಬಿತ್ತು. ಕಾಯಂ ಮಾಸ್ತರಗ ವಾರಕ್ಕ 16 ತಾಸು ತೋರಿಸ್ಬೇಕಲ್ರಿ. ಪ್ರಿನ್ಸಿಪಾಲ್ರು ಕರದು ‘ಸರ್, ಡಿಜಿಟಲ್ ಫ್ಲೂಯೆನ್ಸಿ ನೀವ ತಗೋರಿ’ ಅಂದ್ರು. ಎಂ.ಎನ್. ಶ್ರೀನಿವಾಸರ ‘ಪ್ರಬಲ ಜಾತಿ’ ಕಲ್ಪನೆ ಹೇಳ್ಕೊಂಡಿದ್ದಾಂವ ನಾ, ಕ್ಲೌಡ್ ಅಂದ್ರೇನು ಅಂತ ಹೇಳಾಕ ನಿಂತೆ. ಮುಂದಿನ ಬೆಂಚಿನ ಹುಡುಗ ತಪ್ಪು ತಿದ್ದಿದ, ಖರೇವಂದ್ರೂ ಅವಂಗ ನನಗಿಂತ ಚೊಲೋ ಗೊತ್ತಿತ್ತು. ಆ ಸೆಮಿಸ್ಟರ್ ಮುಗಿಯೂ ತನಕಾ ಅವನ ಮಾಸ್ತರ, ನಾ ಅಟೆಂಡೆನ್ಸ್ ಗುಮಾಸ್ತ.

ಲೆಕ್ಕ_ಪಕ್ಕಾ

ಬೇಜಾರಾಗಬೇಡಿ, ನಾನು ಕಾಮರ್ಸ್ ಮೇಷ್ಟ್ರು. ನಿಜ ಹೇಳಬೇಕಂದ್ರೆ ಬಿಎ ಸೀಟು ಖಾಲಿ ಬೀಳೋಕೆ ಶುರುವಾಗಿದ್ದು ಎನ್‌ಇಪಿಗಿಂತ ಎಷ್ಟೋ ಮೊದಲು. ಅಪ್ಪ ಅಮ್ಮ ಅಡ್ಮಿಷನ್ ಕೌಂಟರ್ ಹತ್ರ ನಿಂತು ಕೇಳೋದು ಒಂದೇ ಪ್ರಶ್ನೆ: ‘ಇದು ಓದಿದ್ರೆ ಏನು ಸಿಗುತ್ತೆ ಸಾರ್?’ ಅದಕ್ಕೆ ನಿಮ್ಮ ವಿಭಾಗದಿಂದ ಒಂದು ನೆಟ್ಟಗಿನ ಉತ್ತರ ಬರಲಿಲ್ಲ. ‘ಮಾನವೀಯ ಮೌಲ್ಯ ಸಿಗುತ್ತೆ’ ಅಂತೀರಿ. ನಾವು ಕಾಮರ್ಸ್‌ನವರು ಏನು ಮೌಲ್ಯ ಇಲ್ಲದೆ ಬದುಕ್ತಿದ್ದೀವಾ? ಮಕ್ಕಳೇ ಬರದಿದ್ರೆ ಗಂಟೆ ಎಲ್ಲಿಂದ ಬರುತ್ತೆ? ಅದನ್ನೆಲ್ಲ ಪಾಲಿಸಿ ತಲೆ ಮೇಲೆ ಹಾಕೋದು ಸುಲಭ.

ಬೆಂಚು_ನಂಬರ್_3

ನಾನು ಆ ಎನ್‌ಇಪಿ ಕೊನೇ ಬ್ಯಾಚು. ಕನ್ನಡ ಮತ್ತು ಇತಿಹಾಸ. ಸೇರುವಾಗ ರಾಜ್ಯಶಾಸ್ತ್ರನೂ ಬೇಕಿತ್ತು, ಎರಡೇ ತಗೋಬೇಕು ಅಂದ್ರು, ಬಿಟ್ಟೆ. ನನ್ನ ತಮ್ಮ ಈಗ ಸೆಕೆಂಡ್ ಇಯರ್, ಅವನಿಗೆ ಮೂರೂ ಇದೆ. ಒಂದೇ ಮನೆ, ಒಂದೇ ಕಾಲೇಜು, ಡಿಗ್ರಿ ಬೇರೆ ಬೇರೆ.

ಇನ್ನೊಂದು ತಮಾಷೆ. ನಮಗೆ ಪಠ್ಯಪುಸ್ತಕ ಬರೋಕೆ ಮುಂಚೆ ಅಂಗಡೀಲಿ ಗೈಡ್ ಬಂದಿತ್ತು. ಪಠ್ಯ ಬಂದಾಗ ಪರೀಕ್ಷೆಗೆ ಹದಿನೈದು ದಿನ ಇತ್ತು. ಕನ್ನಡ ಮೇಡಂ ಕವಿತೆಗಳನ್ನ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರು. ನಾವು ಪಂಪನ್ನ ಓದಿದ್ದು ವಾಟ್ಸಾಪಲ್ಲಿ, ಹಳಗನ್ನಡದ ಸಾಲಿನ ಮೇಲೆ ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಅಂತ ಇತ್ತು.

@ಲೆಕ್ಕ_ಪಕ್ಕಾ ಸರ್, ನಮ್ಮಪ್ಪನೂ ಅದೇ ಪ್ರಶ್ನೆ ಕೇಳಿದ್ರು. ನನಗೂ ಉತ್ತರ ಬರಲಿಲ್ಲ. ಆದ್ರೂ ಸೇರಿದೆ.

ಕಾರ್ಯಭಾರ_ಶೂನ್ಯ

ಬೆಂಚು ನಂಬರ್ 3, ಪಂಪ ಅಷ್ಟು ಸಲ ಫಾರ್ವರ್ಡ್ ಆಗಿದ್ದು ಅದೇ ಮೊದಲು ಇರಬೇಕು.

@ಲೆಕ್ಕ_ಪಕ್ಕಾ ಸರ್, ನಿಮ್ಮ ಹುಡುಗಿಯೊಬ್ಬಳ ಕತೆ ಹೇಳ್ತೀನಿ. ಎನ್‌ಇಪಿಯಲ್ಲಿ ನನಗೆ ಸಿಟ್ಟು ಬರಿಸಿದ್ದು ಬಹಳ ಇದೆ, ಆದ್ರೆ ಓಪನ್ ಎಲೆಕ್ಟಿವ್ ಮಾತ್ರ ಇಷ್ಟ ಆಗಿತ್ತು. ಬಿಕಾಂನವರು ಇತಿಹಾಸ ತಗೋಬಹುದಿತ್ತು, ಮೂರು ಕ್ರೆಡಿಟ್ಟು. ನಮ್ಮಲ್ಲಿ ಬಹಳಷ್ಟು ಜನ ತಗೊಂಡಿದ್ದು ‘ಮೇಡಂ ಇಂಟರ್ನಲ್ಸ್ ಚೆನ್ನಾಗಿ ಕೊಡ್ತಾರೆ’ ಅಂತ. ಇರಲಿ.

ನಿಮ್ಮ ಊರಿನ ಒಂದು ಹಳೇ ವಸ್ತು ನೋಡ್ಕೊಂಡು ಬಂದು ಎರಡು ಪುಟ ಬರೀರಿ ಅಂದೆ. ಒಬ್ಬಳು ಮೊಬೈಲಲ್ಲಿ ಒಂದು ಕಲ್ಲಿನ ಫೋಟೋ ತಂದಳು. ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಕಪ್ಪಾಗಿದೆ. ಊರಲ್ಲಿ ಅದಕ್ಕೆ ಮಾರಮ್ಮನ ಕಲ್ಲು ಅಂತಾರಂತೆ. ದೊಡ್ಡದು ಮಾಡಿ ನೋಡಿದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ಹಸುಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಹೆಂಗಸರು ಅವನನ್ನ ಎತ್ಕೊಂಡು ಹೋಗ್ತಿದ್ದಾರೆ. ಮೇಲೆ ಲಿಂಗ, ಸೂರ್ಯ, ಚಂದ್ರ. ತುರುಗೊಳ್ ವೀರಗಲ್ಲು! ಊರಿನ ದನ ಹೊಡ್ಕೊಂಡು ಹೋಗೋರನ್ನ ತಡೆದು ಸತ್ತ ಯಾರೋ ಪುಣ್ಯಾತ್ಮ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ ನೋಡಿ, ನಮ್ಮ ತಾಲ್ಲೂಕಿನ ಪುಟ ತೆಗೆದು ಕೊಟ್ಟೆ. ಅವಳೂರಿನ ಹೆಸರು ಅಲ್ಲಿತ್ತು. ಬೇರೆ ಶಾಸನದ್ದು, ಈ ಕಲ್ಲಿನದಲ್ಲ. ಆದ್ರೂ ಬೆರಳಿಟ್ಟು ಓದಿ ‘ಮೇಡಂ, ನಮ್ಮೂರು!’ ಅಂದಳು. ಎರಡು ಪುಟ ಕೇಳಿದ್ದಕ್ಕೆ ಒಂಬತ್ತು ಪುಟ ಬರೆದಳು. ಅಜ್ಜಿ ಹತ್ರ ಕೇಳಿ, ಪೂಜಾರಿ ಹತ್ರ ಬೈಸ್ಕೊಂಡು, ಕಲ್ಲಿನ ಅಳತೇನ ಸೀರೆ ಅಂಚಿನ ಟೇಪಲ್ಲಿ ತೆಗೆದು.

ಹೊಸ ಸ್ಕೀಮಲ್ಲಿ ಓಪನ್ ಎಲೆಕ್ಟಿವ್‌ಗೆ ಆ ಜಾಗ ಇಲ್ಲ. ನಮಗೆ ಮೂರನೇ ಮೇಜರ್ ವಾಪಸ್ ಬಂತು, ನನ್ನ ಗಂಟೆ ಉಳೀತು. ಸಂತೋಷ ಪಡಬೇಕಾದೋಳು ನಾನು. ಬಿಕಾಂ ಹುಡುಗಿ ಮಾತ್ರ ಈಗ ನನ್ನ ತರಗತಿಗೆ ಬರಲ್ಲ. ಇದನ್ನ ಯಾವ ಫೈಲಿಗೆ ಹಾಕಲಿ?

ಲೆಕ್ಕ_ಪಕ್ಕಾ

ಆ ಹುಡುಗಿ ಈಗ ಏನ್ಮಾಡ್ತಿದ್ದಾಳೆ?

ಕಾರ್ಯಭಾರ_ಶೂನ್ಯ

ಟ್ಯಾಲಿ ಎಂಟ್ರಿ. ಒಂದು ಸಿಮೆಂಟ್ ಅಂಗಡೀಲಿ. ಗೆದ್ರಿ ಬಿಡಿ ಸರ್ :)

ಕಡತ_ವಿಲೇವಾರಿ

ನಾನು ಪಾಠ ಮಾಡೋನಲ್ಲ, ಕಾಲೇಜಿನ ಕಚೇರಿಯಲ್ಲಿ ಕೂರೋನು. ಕಾರ್ಯಭಾರ ಪಟ್ಟಿ ಟೈಪ್ ಮಾಡೋ ಕೈ ಇದೇ. ಮೇಡಂ ಕೇಳಿದ ಲೆಕ್ಕದ ಒಳಗುಟ್ಟು ಹೇಳ್ತೀನಿ.

ಪ್ರತಿ ವಿಷಯಕ್ಕೂ ಎಲ್ಲ ಸೆಮಿಸ್ಟರಿನ ಗಂಟೆ ಕೂಡಿಸಬೇಕು. ಕಾಯಂ ಇರೋರಿಗೆ ಮೊದಲು ಹಂಚಬೇಕು. 2018ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಉಳಿದದ್ದು ಅತಿಥಿಗಳಿಗೆ. ಅಂದ್ರೆ ಅತಿಥಿ ಉಪನ್ಯಾಸಕರು ಬದುಕೋದು ಶೇಷದ ಮೇಲೆ. ಭಾಗಾಕಾರದಲ್ಲಿ ಶೇಷ ಸೊನ್ನೆ ಬಂದ್ರೆ ಮೇಷ್ಟ್ರು ಮನೆಗೆ.

2022ರ ಜನವರಿ ನೆನಪಿದೆಯಾ? ಅದಕ್ಕೂ ಮೊದಲು ಅತಿಥಿಗಳಿಗೆ ತಿಂಗಳಿಗೆ 11,000ವೋ 13,000ವೋ ಸಿಗ್ತಿತ್ತು, ಕೆಲಸ ವಾರಕ್ಕೆ 8ರಿಂದ 10 ಗಂಟೆ. ಮುಷ್ಕರ ಆಯ್ತು. ಸರ್ಕಾರ ಅರ್ಹತೆ, ಸೇವೆ ನೋಡಿ 26,000ದಿಂದ 32,000ದವರೆಗೆ ಏರಿಸ್ತು. ಪತ್ರಿಕೆಯಲ್ಲಿ ದೊಡ್ಡ ಸುದ್ದಿ. ಜೊತೆಗೆ ಗಂಟೆನ 15ಕ್ಕೆ ಏರಿಸಿದ್ದು ಸಣ್ಣಕ್ಷರದಲ್ಲಿತ್ತು. ನಮ್ಮ ಕಾಲೇಜಲ್ಲಿ ಕನ್ನಡಕ್ಕೆ ಇಬ್ಬರು ಅತಿಥಿಗಳಿದ್ರು, ತಲಾ ಎಂಟು ಗಂಟೆ. ಆದೇಶ ಬಂದ ಮೇಲೆ ಎಂಟು ಎಂಟು ಹದಿನಾರನ್ನ ಒಬ್ಬರಿಗೇ ಕೊಟ್ಟಾಯ್ತು. ಒಬ್ಬರ ಸಂಬಳ ಎರಡೂವರೆ ಪಟ್ಟು, ಇನ್ನೊಬ್ಬರದು ಸೊನ್ನೆ. ಇಬ್ಬರೂ ಒಂದೇ ಸ್ಕೂಟರಲ್ಲಿ ಬರ್ತಿದ್ರು. ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿದ ದಿನ ಆ ಸ್ಕೂಟರ್ ಹೇಗೆ ವಾಪಸ್ ಹೋಯ್ತೋ ನಾನು ಹೊರಗೆ ಬಂದು ನೋಡಲಿಲ್ಲ.

ಇನ್ನೊಂದು ಸಾಧನ ಇದೆ, ‘ಸೆಕ್ಷನ್ ಕೂಡಿಸೋದು’. ಭಾಷಾ ತರಗತಿ ವಾರಕ್ಕೆ ನಾಲ್ಕು ಗಂಟೆ. ಬಿಎಗೆ ಬೇರೆ, ಬಿಕಾಂಗೆ ಬೇರೆ ಮಾಡಿದ್ರೆ ಎಂಟು. ಎರಡನ್ನೂ ಒಂದೇ ಹಾಲಲ್ಲಿ ಕೂರಿಸಿದ್ರೆ ನಾಲ್ಕು. ಎರಡಕ್ಕೂ ಪಠ್ಯ ಬೇರೆ ಬೇರೆ ಅಲ್ವಾ ಅಂತ ನಾನು ಒಂದ್ಸಲ ಕೇಳಿದೆ. ‘ಕನ್ನಡ ತಾನೇ?’ ಅಂತ ಉತ್ತರ ಬಂತು.

ಕಾಫಿ_ಪುಡಿ

‘ಕನ್ನಡ ತಾನೇ’ ಅನ್ನೋದನ್ನ ನವೆಂಬರ್ 1ಕ್ಕೆ ಬ್ಯಾನರ್ ಮಾಡಿಸಬಹುದು.

ಕರಾವಳಿ_ಅನುವಾದಕಿ

ನನ್ನದು ಕಾಯಂ ಕೆಲಸ, ಹಾಗಾಗಿ ಮೇಲಿನವರ ಎದುರು ದೂರು ಹೇಳಲಿಕ್ಕೆ ನಾಚಿಕೆಯೂ ಆಗ್ತದೆ. ಆದರೆ ನೀತಿ ಅಂದ್ರೆ ಬರೀ ಗಂಟೆ ಅಲ್ಲ, ಅಂಕವೂ ಹೌದು ಮಾರಾಯ್ರೆ.

ಇಂಗ್ಲಿಷ್ ಕಲಿಸ್ತೇನೆ. ಮೂರು ವರ್ಷ ಕೂತು ಒಂದು ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತಂದೆ. ಒಂದು ಉದಾಹರಣೆ ಹೇಳ್ತೇನೆ, ಅದರಲ್ಲಿ ಮೀನು ಹಿಡಿಯುವ ಬಲೆಗೆ ಐದು ಬೇರೆ ಬೇರೆ ಪದ ಬರ್ತದೆ. ನಿಘಂಟಿನಲ್ಲಿ ಎಲ್ಲದಕ್ಕೂ ‘ಬಲೆ’. ಸಂಜೆ ಹೊತ್ತು ಬಂದರಿಗೆ ಹೋಗಿ ಬಲೆ ಹೊಲಿಯುವವರ ಪಕ್ಕ ಕೂತು ಕೇಳಿದೆ. ಬೀಡುಬಲೆ, ಕಂತುಬಲೆ, ರಂಪಣಿ, ಬೀಸುಬಲೆ... ಅವರಿಗೆ ನಗು, ‘ಟೀಚರಿಗೆ ಬಲೆ ಯಾಕೆ?’ ಎಂದು. ಆ ಒಂದು ಪುಟಕ್ಕೆ ಹತ್ತು ದಿನ ಹೋಯ್ತು.

ಪುಸ್ತಕ ಬಂತು. ಬಡ್ತಿಗೆ ಅರ್ಜಿ ಹಾಕುವಾಗ ಯುಜಿಸಿಯ ಅದೇ 2018ರ ನಿಯಮಾವಳಿಯ ಕೋಷ್ಟಕ ತೆಗೆದೆ. ಮಾನವಿಕ ವಿಷಯಗಳಲ್ಲಿ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ಅನುವಾದಿಸಿದ ಇಡೀ ಪುಸ್ತಕಕ್ಕೆ 8. ಒಂದು ಅಧ್ಯಾಯ ಮಾತ್ರ ಅನುವಾದಿಸಿದರೆ 3. ನನ್ನ ಪಕ್ಕದ ಕುರ್ಚಿಯವರು ಆರು ಪುಟದ ಲೇಖನ ಒಂದನ್ನು ಎರಡು ವಾರದಲ್ಲಿ ಮುಗಿಸಿ ನನಗಿಂತ ಎರಡು ಅಂಕ ಮುಂದೆ ಹೋದರು. ಅವರ ತಪ್ಪಲ್ಲ ಅದು. ತಕ್ಕಡಿಯೇ ಹಾಗೆ.

ಇನ್ನು ಆ ‘ಕೇರ್ ಪಟ್ಟಿ’. ಒಳ್ಳೆಯ ಪತ್ರಿಕೆ ಯಾವುದು ಎಂದು ಯುಜಿಸಿ ಹೇಳ್ತೇನೆಂದಿತು, ನಾವೆಲ್ಲ ಆ ಪಟ್ಟಿ ಹಿಂದೆ ಓಡಿದೆವು. ಪಟ್ಟಿಯಲ್ಲಿದ್ದ ಪತ್ರಿಕೆಯ ಹೆಸರನ್ನೇ ಇಟ್ಟುಕೊಂಡು ನಕಲಿಗಳು ಹುಟ್ಟಿದವು, ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟ. 2025ರ ಫೆಬ್ರವರಿಯಲ್ಲಿ ಯುಜಿಸಿ ಪಟ್ಟಿಯನ್ನೇ ನಿಲ್ಲಿಸಿತು, ಇನ್ನು ಸಂಸ್ಥೆಗಳೇ ನೋಡಿಕೊಳ್ಳಲಿ ಎಂದಿತು. ಅದೇ ವರ್ಷದ ಜನವರಿಯಲ್ಲಿ ಯುಜಿಸಿ ತಂದ ಕರಡು ನಿಯಮದಲ್ಲಿ ಭಾರತೀಯ ಭಾಷೆಗಳಲ್ಲಿ ಮಾಡುವ ಕೆಲಸಕ್ಕೆ ಬೆಲೆ ಕೊಡುವ ಮಾತಿತ್ತು. ಆದರೆ ಕುಲಪತಿ ಆಯ್ಕೆಯ ಅಧಿಕಾರ ಯಾರ ಕೈಗೆ ಎನ್ನುವ ಜಗಳದಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ನಮ್ಮ ರಾಜ್ಯ ಆ ಕರಡನ್ನು ವಿರೋಧಿಸಿದ್ದು ಸರಿಯೇ ಎಂದು ನನ್ನ ಲೆಕ್ಕ. ಅದರೊಳಗಿದ್ದ ಒಂದು ಒಳ್ಳೆಯ ಸಾಲನ್ನಾದರೂ ನಾವೇ ಎತ್ತಿಕೊಂಡು ನಮ್ಮ ವಿವಿಗಳಲ್ಲಿ ಮಾಡಬಹುದಿತ್ತು.

ಧಾರವಾಡ_ಫೇಡಾ

ಬಲಿಗೆ ಐದು ಹೆಸರು! ಟೀಚರ್, ನಿಮಗ ಎಂಟ ಅಂಕ ಕೊಟ್ಟವ್ರಿಗೆ ಬಂದರಿನ್ಯಾಗ ಒಂದ್ ದಿನಾ ಬಲಿ ಹೊಲ್ಯಾಕ ಹಚ್ಚಬೇಕ್ರಿ.

ನಿವೃತ್ತ_ಕನ್ನಡಮೇಷ್ಟ್ರು

ಕಿರಿಯರ ಮಾತು ಕೇಳುತ್ತ ಕೂತಿದ್ದೆ. ನಾನು ಸರ್ಕಾರಿ ವಿಶ್ವವಿದ್ಯಾಲಯವೊಂದರ ಕನ್ನಡ ವಿಭಾಗದಿಂದ ನಿವೃತ್ತನಾದವನು. ಯಾವುದೆಂದು ಕೇಳಬೇಡಿ, ಪಿಂಚಣಿ ಬರುವುದು ಅಲ್ಲಿಂದಲೇ. ಬರುವುದು ಎಂದೆನೇ? ಬರಬೇಕಾದದ್ದು ಅನ್ನೋಣ. ಕಳೆದ ವರ್ಷ ಎರಡು ಸಲ ತಿಂಗಳು ಉರುಳಿದರೂ ಬ್ಯಾಂಕಿನಿಂದ ಮೆಸೇಜು ಬರಲಿಲ್ಲ. ಔಷಧಿ ಅಂಗಡಿಯವನು ನನ್ನ ಹಳೇ ವಿದ್ಯಾರ್ಥಿ, ಬರೆದಿಟ್ಟುಕೊಂಡ.

ಇದರ ಹಿಂದಿನ ಲೆಕ್ಕವನ್ನೂ ನೋಡಿ. ವಿವಿಗಳು ಪಿಂಚಣಿಯ ಭಾರವನ್ನು ತಮ್ಮ ಆಂತರಿಕ ಸಂಪನ್ಮೂಲದಿಂದಲೂ ಹೊರಬೇಕು ಎಂಬುದು ಸರ್ಕಾರದ ಧೋರಣೆ. ಆಂತರಿಕ ಸಂಪನ್ಮೂಲ ಎಂದರೆ ಸಂಯೋಜಿತ ಕಾಲೇಜುಗಳ ಶುಲ್ಕ, ಪರೀಕ್ಷಾ ಶುಲ್ಕ. 2022ರಲ್ಲಿ ಕಾಯ್ದೆ ತಿದ್ದಿ ಏಳು ಹೊಸ ವಿವಿ ಹುಟ್ಟಿಸಿದರು: ಬೀದರ್, ಹಾವೇರಿ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ. ಒಂದೊಂದಕ್ಕೆ 2 ಕೋಟಿ ರೂಪಾಯಿ. ಈಗ ಅಷ್ಟು ದುಡ್ಡಿಗೆ ಒಂದು ಒಳ್ಳೆಯ ಮದುವೆ ಆಗುವುದಿಲ್ಲ. ಹಳೆಯ ವಿವಿಗಳ ಕಾಲೇಜುಗಳು ಹೊಸದಕ್ಕೆ ಹೋದವು, ಜೊತೆಗೆ ಶುಲ್ಕವೂ ಹೋಯಿತು. ಪಿಂಚಣಿದಾರರು ಮಾತ್ರ ಹಳೆಯ ಮನೆಯಲ್ಲೇ ಉಳಿದರು. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿವಿ ಮುಚ್ಚಬಹುದು ಎಂದಿತು. ಹುಟ್ಟಿಸಿದಾಗಲೂ ಪಾಠ ಮಾಡುವವನನ್ನು ಕೇಳಲಿಲ್ಲ, ಮುಚ್ಚುವಾಗಲೂ ಇಲ್ಲ.

ದುಡ್ಡಿಲ್ಲದ ವಿವಿ ಮೊದಲು ಕೈಬಿಡುವುದು ಏನನ್ನು? ಪ್ರಯೋಗಾಲಯ ಮುಚ್ಚಿದರೆ ಕಣ್ಣಿಗೆ ಕಾಣುತ್ತದೆ. ಪುಸ್ತಕ ಪ್ರಕಟಿಸುವ ಪ್ರಸಾರಾಂಗ ನಿಂತರೆ ಯಾರಿಗೂ ಕಾಣುವುದಿಲ್ಲ. ಕುವೆಂಪು 1956ರಿಂದ 60ರವರೆಗೆ ಮೈಸೂರಿನಲ್ಲಿ ಕುಲಪತಿಯಾಗಿದ್ದಾಗ ಪದವಿ ತರಗತಿಗೂ ಕನ್ನಡ ಮಾಧ್ಯಮ ಬರಲಿ ಎಂದು ಪಟ್ಟು ಹಿಡಿದರು. ಬರೀ ಆದೇಶ ಹೊರಡಿಸಿ ಕೂರಲಿಲ್ಲ. ಕನ್ನಡದಲ್ಲಿ ಓದುವವನ ಕೈಗೆ ಪುಸ್ತಕ ಬೇಕಲ್ಲ? ಅದನ್ನು ಬರೆಸಿ ಅಚ್ಚು ಹಾಕುವ ಹೊಣೆಯನ್ನು ವಿವಿ ಹೊತ್ತಿತು. ನಾನು ಬಿಎ ಓದಿದ್ದು ಅಂಥ ಪುಸ್ತಕಗಳಲ್ಲಿ, ಒರಟು ಕಾಗದ, ನಾಲ್ಕೈದು ರೂಪಾಯಿ. ಆ ಹುಡುಗಿ ವಾಟ್ಸಾಪಿನಲ್ಲಿ ಪಂಪನನ್ನು ಓದಿದೆ ಎಂದಾಗ ನನಗೆ ನಗು ಬರಲಿಲ್ಲ.

ಬೆಂಚು_ನಂಬರ್_3

ಸರ್ ನಾನು ಹುಡುಗ

ನಿವೃತ್ತ_ಕನ್ನಡಮೇಷ್ಟ್ರು

ಕ್ಷಮಿಸಪ್ಪ. ಬಿಎ ಕನ್ನಡ ಎಂದಕೂಡಲೇ ಹುಡುಗಿಯೇ ಇರಬೇಕು ಎಂದುಕೊಂಡೆ. ನನ್ನ ಕೊನೆಯ ಹತ್ತು ವರ್ಷದ ತರಗತಿಯಲ್ಲಿ ಹುಡುಗರು ಬೆರಳೆಣಿಕೆ.

ಮೆಲ್ಬರ್ನ್_ಮಂಡ್ಯ

ಇದು ನಮ್ಮ ಕಡೆ ಮಾತ್ರ ಅಂದ್ಕೋಬೇಡಿ. ನಾನಿರೋ ಆಸ್ಟ್ರೇಲಿಯಾದಲ್ಲಿ 2021ರಿಂದ ‘ಜಾಬ್ ರೆಡಿ’ ಅಂತ ಒಂದು ಕಾನೂನು ತಂದ್ರು. ಟೀಚರ್, ನರ್ಸ್ ಓದೋರಿಗೆ ಫೀಸ್ ಇಳಿಸಿದ್ರು. ಇತಿಹಾಸ, ಸಮಾಜಶಾಸ್ತ್ರ ಓದೋರಿಗೆ ವರ್ಷಕ್ಕೆ 14,500 ಡಾಲರ್, ಮೊದಲಿಗಿಂತ ಶೇ 113 ಜಾಸ್ತಿ. ಫೀಸ್ ಏರಿಸಿದ್ರೆ ಮಕ್ಕಳು ಬೇರೆ ಕೋರ್ಸಿಗೆ ಹೋಗ್ತಾರೆ ಅನ್ನೋ ಲೆಕ್ಕ. ಅದು ಫಲಿಸಲಿಲ್ಲ ಅಂತ 2024ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಯೇ ಹೇಳ್ತು. ಇಷ್ಟಪಟ್ಟು ಓದೋರು ಓದೇ ಓದಿದ್ರು, ತಲೆ ಮೇಲಿನ ಸಾಲ ಮಾತ್ರ ಏರ್ತು.

ಕಾರ್ಯಭಾರ_ಶೂನ್ಯ

ಅಲ್ಲಿ ಎದುರಿಗೆ ಬಂದು ‘ನಿನ್ನ ಓದಿಗೆ ದಂಡ’ ಅಂದ್ರು. ಇಲ್ಲಿ ಬಿಎ ಫೀಸು ಈಗ್ಲೂ ಕಡಿಮೆ, ಯಾರೂ ಓದಬೇಡಿ ಅನ್ನಲ್ಲ. ಪಾಠ ಮಾಡೋರ ಕುರ್ಚಿ ಮಾತ್ರ ಖಾಲಿ ಇಡ್ತಾರೆ.

ಲೆಕ್ಕ_ಪಕ್ಕಾ

ಸರಿ, ನಾನೂ ಸ್ವಲ್ಪ ಲೆಕ್ಕ ತಿದ್ಕೋತೀನಿ. ನಿನ್ನೆ ನಮ್ಮ ಕಾಲೇಜಿನ ಹಳೇ ಅಡ್ಮಿಷನ್ ರಿಜಿಸ್ಟರ್ ನೋಡಿದೆ. ನಮ್ಮಲ್ಲಿ ಎಚ್‌ಇಪಿಗೆ ಒಂದು ಕಾಲಕ್ಕೆ ಕ್ಯೂ ಇತ್ತು, ಯಾಕೆ? ಕೆಎಎಸ್ ಬರೆಯೋ ಆಸೆ. ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯ ಇತ್ತು, ಡಿಗ್ರೀಲಿ ಓದಿದ್ದೇ ಅಲ್ಲಿಗೂ ಆಗ್ತಿತ್ತು. ಈಗ ಕೆಎಎಸ್‌ನಲ್ಲಿ ಐಚ್ಛಿಕ ವಿಷಯವೇ ಇಲ್ಲ, ಎಲ್ಲರಿಗೂ ಒಂದೇ ಸಾಮಾನ್ಯ ಅಧ್ಯಯನ. ಯುಪಿಎಸ್‌ಸಿಯಲ್ಲಿ ಕನ್ನಡ ಸಾಹಿತ್ಯ ಇನ್ನೂ ಇದೆ, ಅದನ್ನ ತಗೊಂಡು ಪಾಸಾದವರೂ ಇದ್ದಾರೆ. ಐಚ್ಛಿಕ ಬೇಡ ಅನ್ನೋಕೆ ಕಾರಣಗಳಿರಬಹುದು, ಅಂಕದಲ್ಲಿ ವಿಷಯದಿಂದ ವಿಷಯಕ್ಕೆ ಏರುಪೇರು ಆಗ್ತಿತ್ತು. ಆದ್ರೆ ‘ಏನು ಸಿಗುತ್ತೆ’ ಅನ್ನೋ ಪ್ರಶ್ನೆಗೆ ಇದ್ದ ಒಂದು ಉತ್ತರವನ್ನೂ ಹೀಗೆ ಕಿತ್ಕೊಂಡ ಹಾಗಾಯ್ತು ಅನ್ನೋದು ನಿಜ. ಇದು ಶಿಕ್ಷಣ ಇಲಾಖೆಯ ನಿರ್ಧಾರವೂ ಅಲ್ಲ. ಬಿಎ ಭವಿಷ್ಯ ಇನ್ಯಾವುದೋ ಕಡತದಲ್ಲಿ ತೀರ್ಮಾನ ಆಗಿಹೋಯ್ತು.

ಆದ್ರೂ ಒಂದು ಮಾತು. ಓಪನ್ ಎಲೆಕ್ಟಿವ್‌ನಲ್ಲಿ ನಮ್ಮ ಮಕ್ಕಳು ನಿಮ್ಮ ಹತ್ರ ಬಂದ್ರು. ನಿಮ್ಮ ಮಕ್ಕಳು ನಮ್ಮ ಹತ್ರ ಬಂದಾಗ ಜಿಎಸ್‌ಟಿ ಹೇಳಿಕೊಟ್ವಿ, ಬ್ಯಾಂಕ್ ಫಾರಂ ತುಂಬೋದು ಹೇಳಿಕೊಟ್ವಿ. ಅದನ್ನ ಯಾರೂ ಕಣ್ಣಲ್ಲಿ ನೀರು ಹಾಕ್ಕೊಂಡು ಬರೆಯಲ್ಲ.

ಕರಾವಳಿ_ಅನುವಾದಕಿ

ಬರೀರಿ, ನಾವು ಓದ್ತೇವೆ.

ನಿರ್ವಾಹಕ

ಪಕ್ಷಗಳ ಹೆಸರು ಹಿಡಿದು ಬೈದ ಮೂರು ಪ್ರತಿಕ್ರಿಯೆ ತೆಗೆದಿದ್ದೇವೆ. ಒಂದು ನೀತಿ ತಂದವರು ಒಬ್ಬರು, ತೆಗೆದವರು ಇನ್ನೊಬ್ಬರು, ಎರಡೂ ಸಲ ಸಿಲೆಬಸ್ ಬಂದದ್ದು ತಡವಾಗಿಯೇ. ಮುಂದುವರಿಸಿ.

ಧಾರವಾಡ_ಫೇಡಾ

ಥೋರಟ್ ಆಯೋಗದ ಪೂರ್ತಿ ವರದಿ 2025ರ ಆಗಸ್ಟ್‌ನ್ಯಾಗ ಸರ್ಕಾರಕ್ಕ ಹೋತು. ಪೇಪರಿನ್ಯಾಗೆಲ್ಲಾ ಬರೇ ದ್ವಿಭಾಷಾ ನೀತಿ, ಶಾಲಿ ಮಾಧ್ಯಮದ ಚರ್ಚಾ. ಕಾಲೇಜ್ ಮಾಸ್ತರಂದು ಯಾರೂ ಕೇಳಲಿಲ್ಲ. ನಾ ಹೇಳೂದಿಷ್ಟ: ಮೂರ್ ಮೇಜರ್ ಕೊಟ್ರಿ, ಚೊಲೋ ಆತು. ಆ ಮೂರನೇ ಮೇಜರ್ ಕಲಸಾಕ ಮಂದಿ ಎಲ್ಲಿ ಅದಾರ? 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ 2022ರ ಮಾರ್ಚಿನ್ಯಾಗ ಪರೀಕ್ಷಾ ಆತು. ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆ ಗದ್ದಲ, ಕೋರ್ಟು, ಕಚೇರಿ. ಬರದವ್ರು ಆದೇಶ ಕೈಗೆ ಬರೂ ತನಕಾ ಕಾದು ಕಾದು ಮುದುಕ್ರಾದ್ರು. ನೀತಿ ಬದಲಾಗಾಕ ಒಂದ್ ಆದೇಶ ಸಾಕು, ಮಾಸ್ತರ ಬರಾಕ ಎರಡ್ ಸರ್ಕಾರ ಬೇಕು.

ಮತ್ತ ಆ ಕಾಯಂ ಮಂದಿ ಬಂದ್ರ ಯಾರ ಹೋಗ್ತಾರ ಹೇಳ್ರಿ? ನಮ್ಮ ಅತಿಥಿಗಳ ಹೋಗೂದು. ಒಬ್ಬರ ಅನ್ನದ ಮ್ಯಾಲೆ ಇನ್ನೊಬ್ಬರ ಎಲಿ.

ಕಡತ_ವಿಲೇವಾರಿ

ಅದಕ್ಕೇ ಅವರು ಮುಷ್ಕರ ಮಾಡಿದ್ದು. 2023ರ ನವೆಂಬರಿಂದ ಸೇವಾ ಭದ್ರತೆ ಕೇಳ್ಕೊಂಡು ತರಗತಿ ಬಿಟ್ಟು ಕೂತ್ರು. ಸಿಕ್ಕಿದ್ದು 2024ರ ಜನವರಿಯಿಂದ ಸೇವೆ ನೋಡಿ 5,000ದಿಂದ 8,000 ಹೆಚ್ಚಳ, ಆರೋಗ್ಯ ವಿಮೆ, ಅರವತ್ತು ದಾಟಿದ ಮೇಲೆ 5 ಲಕ್ಷದವರೆಗೆ ಇಡುಗಂಟು. ಅರ್ಹತೆಯೂ ಸೇವೆಯೂ ಜಾಸ್ತಿ ಇದ್ದವರಿಗೆ ಎಲ್ಲ ಸೇರಿ 40,000. ಭದ್ರತೆ ಮಾತ್ರ ಇಲ್ಲ. ಯುಜಿಸಿ ತನ್ನ 2019ರ ಸುತ್ತೋಲೆಯಲ್ಲಿ ಒಂದು ಉಪನ್ಯಾಸಕ್ಕೆ 1,500, ತಿಂಗಳಿಗೆ 50,000 ಮೀರದಂತೆ ಕೊಡಿ ಅಂದಿತ್ತು. ಅರ್ಹತೆ ವಿಷಯಕ್ಕೆ ಯುಜಿಸಿ ನಿಯಮ ತೋರಿಸ್ತೀವಿ, ದುಡ್ಡಿನ ವಿಷಯಕ್ಕೆ ಆ ಸುತ್ತೋಲೆ ಯಾವ ಕಪಾಟಿನಲ್ಲಿದೆಯೋ ಹುಡುಕಬೇಕು. ನಾನೇ ಇಟ್ಟಿರಬಹುದು.

ಬೆಂಚು_ನಂಬರ್_3

@ಕಾರ್ಯಭಾರ_ಶೂನ್ಯ ಮೇಡಂ, ನಮ್ಮೂರ ಕೆರೆ ಏರಿ ಮೇಲೂ ಒಂದು ಕಲ್ಲಿದೆ. ಅರ್ಧ ಹೂತಿದೆ. ಮೇಲ್ಗಡೆ ಸೂರ್ಯ ಚಂದ್ರ ಕಾಣ್ತವೆ, ಕೆಳಗೆ ಕತ್ತೆ ಥರ ಏನೋ ಇದೆ. ಅದೂ ವೀರಗಲ್ಲಾ?

ಕಾರ್ಯಭಾರ_ಶೂನ್ಯ

ಕತ್ತೆ ಇದ್ರೆ ವೀರಗಲ್ಲಲ್ಲ ಕಣಪ್ಪ, ದಾನ ಕೊಟ್ಟ ಕಲ್ಲಿರಬೇಕು. ‘ಈ ದಾನಕ್ಕೆ ತಪ್ಪಿದವನಿಗೆ ಹೀಗಾಗಲಿ’ ಅಂತ ಕತ್ತೆ ಕೆತ್ತಿಸಿ ಬೈದಿರ್ತಾರೆ. ಬಿಟ್ಟ ಭೂಮಿಯನ್ನ ಮುಂದೆ ಬರೋ ದೊರೆ ಕಿತ್ಕೊಳ್ಳದೇ ಇರಲಿ ಅಂತ. ಅವರಿಗೂ ಗೊತ್ತಿತ್ತು ನೋಡು, ಆಳೋರು ಬದಲಾದ್ರೆ ಆದೇಶ ಬದಲಾಗುತ್ತೆ ಅಂತ. ಅಗೆಯೋಕೆ ಹೋಗಬೇಡ, ಫೋಟೋ ಕಳಿಸು. ಅಕ್ಷರ ಕಂಡ್ರೆ ಹಗಲಲ್ಲಿ ಬೇಡ, ರಾತ್ರಿ ಟಾರ್ಚ್ ಓರೆಯಾಗಿ ಹಿಡಿದು ತೆಗಿ.

ಎಲ್ಲರಿಗೂ ಥ್ಯಾಂಕ್ಸ್. ಅತಿಥಿಗಳಿಗೆ ಕಾಲೇಜು ಹಂಚೋ ಕೌನ್ಸೆಲಿಂಗ್ ಮುಗಿಸ್ಕೊಂಡು ಈಗ ಬಂದೆ. ನಮ್ಮ ಕಾಲೇಜಲ್ಲಿ ಇತಿಹಾಸಕ್ಕೆ ವರ್ಗಾವಣೆಯಲ್ಲಿ ಒಬ್ಬರು ಕಾಯಂ ಬಂದಿದ್ದಾರೆ. ಒಳ್ಳೇವರು, ನನ್ನ ಮೂರು ಫೈಲೂ ಅವರಿಗೇ ಕೊಟ್ಟೆ. ನನಗೆ ಅಲ್ಲಿ 9 ಗಂಟೆ ಉಳೀತು. ಮಿಕ್ಕ 6 ಗಂಟೆ ಇನ್ನೊಂದು ಹೋಬಳಿಯ ಕಾಲೇಜಲ್ಲಿ, 34 ಕಿಲೋಮೀಟರ್. ಇಲ್ಲಿ ಹನ್ನೆರಡೂವರೆಗೆ ಮುಗಿಯುತ್ತೆ, ಅಲ್ಲಿ ಎರಡಕ್ಕೆ ತರಗತಿ. ಊರ ಹೆಸರು @ಕಡತ_ವಿಲೇವಾರಿ ಅವರಿಗೆ ಖಾಸಗಿಯಾಗಿ ಕಳಿಸಿದ್ದೀನಿ, ಅವರ ಕಡೆಯ ರೂಟು ಅನ್ಸುತ್ತೆ. ಬಸ್ ಏನಾದ್ರೂ ಇದೆಯಾ?

ಕಡತ_ವಿಲೇವಾರಿ

12.40ಕ್ಕೆ ಒಂದಿದೆ ಮೇಡಂ, ಹಳೇ ಸ್ಟ್ಯಾಂಡಿಂದ. ಕ್ರಾಸಲ್ಲಿ ಇಳಿದು ಒಂದು ಕಿಲೋಮೀಟರ್ ನಡೀಬೇಕು. ಶನಿವಾರ ಬರಲ್ಲ.